ಇಲಿಯನ್ನು ಎತ್ತಿದ್ದು ಯಾರು?

ಇಲಿಗಳ ಮೇಲಿನ ಸಂಶೋಧನಾ ಪೇಪರ್‌ಗಳಲ್ಲಿ ಪ್ರಯೋಗ ಹೇಗೆ ಮಾಡಿದರು ಅಂತ ಹೇಳುವ ಮೆಥಡ್ಸ್ ಭಾಗ ಓದಿದರೆ ಎಲ್ಲವೂ ಅಚ್ಚುಕಟ್ಟು. ತಳಿ ಸಿ57ಬಿಎಲ್/6, ವಯಸ್ಸು 8ರಿಂದ 10 ವಾರ, 12 ಗಂಟೆ ಬೆಳಕು, 12 ಗಂಟೆ ಕತ್ತಲು, ನೀರು-ಆಹಾರ ಬೇಕಾದಷ್ಟು. ಆ ಇಲಿಯನ್ನು ಪಂಜರದಿಂದ ಎತ್ತಿದವರು ಯಾರು, ಹೇಗೆ ಎತ್ತಿದರು ಅಂತ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ತಕರಾರು ಅಲ್ಲೇ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಗಳ ಆತಂಕದ ಮೇಲೆ ಕೆಲಸ ಮಾಡುತ್ತೇನೆ. ನಾವು ಬಳಸುವುದು ಎಲಿವೇಟೆಡ್ ಪ್ಲಸ್ ಮೇಜ್. ಹೆಸರು ದೊಡ್ಡದು, ವಸ್ತು ಸರಳ. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಪ್ಲಸ್ ಗುರುತಿನ ಆಕಾರದ ಹಲಗೆ. ಎದುರುಬದುರಿನ ಎರಡು ತೋಳಿಗೆ ಗೋಡೆ ಇದೆ, ಉಳಿದೆರಡಕ್ಕೆ ಇಲ್ಲ. ಇಲಿಯನ್ನು ನಡುವೆ ಬಿಟ್ಟು 5 ನಿಮಿಷ ನೋಡುವುದು. ಹೆದರಿದ ಇಲಿ ಗೋಡೆಯ ಮಗ್ಗುಲು ಬಿಟ್ಟು ಕದಲುವುದಿಲ್ಲ. ಧೈರ್ಯ ಬಂದದ್ದು ಬಯಲು ತೋಳಿನ ತುದಿಗೆ ಹೋಗಿ, ಮೈ ಉದ್ದ ಮಾಡಿ, ಕೆಳಗೆ ಇಣುಕುತ್ತದೆ. ಆತಂಕದ ಔಷಧಿಗಳನ್ನು ಹೀಗೆಲ್ಲ ಪರೀಕ್ಷಿಸುತ್ತಾರೆ.

ಸರಿ, ಹಲಗೆಗೆ ಬರುವ ಮೊದಲೇ ಇಲಿ ಹೆದರಿದ್ದರೆ?

ಬಹಳ ಕಡೆ ಬಾಲ ಹಿಡಿದೇ ಎತ್ತುತ್ತಾರೆ. ಬೇಗ ಆಗುತ್ತದೆ, ಕಚ್ಚಿಸಿಕೊಳ್ಳುವ ಭಯವೂ ಕಡಿಮೆ. 2010ರಲ್ಲಿ ಇಂಗ್ಲೆಂಡಿನ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಇದನ್ನೇ ಪರೀಕ್ಷೆಗೆ ಹಚ್ಚಿದರು. ಬಾಲ ಹಿಡಿದು ಎತ್ತಿದ ಇಲಿಗಳಿಗಿಂತ, ಬೊಗಸೆಯಲ್ಲಿ ಅಥವಾ ಕೊಳವೆಯೊಳಗೆ ಕೂರಿಸಿ ಎತ್ತಿದವುಗಳಲ್ಲಿ ಆತಂಕ ಕಡಿಮೆ ಇತ್ತು. ಅವು ತಾವಾಗಿಯೇ ಮನುಷ್ಯರ ಹತ್ತಿರ ಬರುತ್ತಿದ್ದವು.

2014ರ ಇನ್ನೊಂದು ಕೆಲಸ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ್ದು. ಇದನ್ನು ಹೇಳಿದರೆ ನಮ್ಮ ಲ್ಯಾಬಿನ ಹುಡುಗರು ಮುಖ ಸಿಂಡರಿಸುತ್ತಾರೆ. ಕೋಣೆಯಲ್ಲಿ ಗಂಡಸರಿದ್ದರೆ, ಅಥವಾ ಅವರು ಹಾಕಿಕೊಂಡು ಬಿಟ್ಟ ಟೀ ಶರ್ಟ್ ಇದ್ದರೂ ಸಾಕು, ಇಲಿಗಳಿಗೆ ಒತ್ತಡ ಏರಿ ನೋವು ತೋರಿಸುವುದೇ ಕಡಿಮೆಯಾಗುತ್ತದೆ. ಹೆಂಗಸರಿದ್ದಾಗ ಹಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇದು ಇಳಿಯುತ್ತದೆ ಅನ್ನಿ. ಆದರೂ ಯೋಚಿಸಿ, ನೋವು ಕಡಿಮೆ ಮಾಡಿದ್ದು ಔಷಧಿಯೋ, ಪಕ್ಕದಲ್ಲಿ ನಿಂತವನ ಬೆವರೋ?

1999ರಲ್ಲಂತೂ ಅಮೆರಿಕದ ಪೋರ್ಟ್‌ಲ್ಯಾಂಡ್, ಆಲ್ಬನಿ, ಕೆನಡಾದ ಎಡ್ಮಂಟನ್‌ನ ಮೂರು ಲ್ಯಾಬ್‌ಗಳು ತಳಿ, ವಯಸ್ಸು, ಉಪಕರಣ ಎಲ್ಲವನ್ನೂ ಹೊಂದಿಸಿಕೊಂಡು ಒಂದೇ ಪರೀಕ್ಷೆಗಳನ್ನು ಮಾಡಿದವು. ಆದರೂ ಕೆಲವು ಫಲಿತಾಂಶ ಲ್ಯಾಬಿಂದ ಲ್ಯಾಬಿಗೆ ಬೇರೆ ಬಂತು. ಎಡ್ಮಂಟನ್‌ನಲ್ಲಿ ಪರೀಕ್ಷೆ ಮಾಡಿದವರಿಗೆ ಇಲಿ ಅಂದರೆ ಅಲರ್ಜಿ. ಉಸಿರಾಟದ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿದ್ದರು. ಅದನ್ನು ಪೇಪರಿನಲ್ಲಿ ಬರೆದರು ನೋಡಿ, ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ನಮ್ಮ ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಈ ಪೇಪರ್ ಯಾವುದನ್ನೂ ಓದಿಲ್ಲ. "ಮೇಡಂ, ಈಗಷ್ಟೇ ಪಂಜರ ಬದಲಾಯಿಸಿದೀನಿ, ಇವತ್ತು ಮುಟ್ಟಬೇಡಿ, ನಾಳೆ ಬನ್ನಿ" ಅನ್ನುತ್ತಾರೆ. ಪಂಜರದ ತಳಕ್ಕೆ ಹೊಸ ಮೆಕ್ಕೆಜೋಳದ ದಿಂಡಿನ ಪುಡಿ ಹಾಸಿದ ದಿನ ಇಲಿಗಳಿಗೆ ತಮ್ಮ ವಾಸನೆಯೇ ಸಿಗದೆ ಗಡಿಬಿಡಿ. ಯಾವ ಪಂಜರದಲ್ಲಿ ಜಗಳ, ಯಾವುದು ಮೇವು ಬಿಟ್ಟಿದೆ, ಎಲ್ಲ ಅವರಿಗೆ ಗೊತ್ತು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೇಳಿ ಎಥಿಕ್ಸ್ ಕಮಿಟಿಗೆ ಕೊಡುವ ಬಿ ಫಾರ್ಮ್ ತುಂಬಲು ಕೂತಾಗ ನಾನು ಮೊದಲು ಕೇಳುವುದು ಅವರನ್ನೇ.

ಈಗ ನಮ್ಮ ಪ್ರತಿ ಪಂಜರದಲ್ಲೂ ಒಂದು ಕೊಳವೆ ಇದೆ. ಇಲಿ ಒಳಗೆ ಹೋಗುತ್ತದೆ, ಎರಡೂ ತುದಿಗೆ ಕೈ ಅಡ್ಡ ಇಟ್ಟು ಎತ್ತುತ್ತೇವೆ, ಅಷ್ಟೆ. ಬಾಯಿಗೆ ಔಷಧಿ ಹಾಕುವಾಗ ಮಾತ್ರ ಇದು ಸಾಲದು. ಆಗ ಕತ್ತಿನ ಹಿಂದಿನ ಚರ್ಮ ಹಿಡಿಯಲೇಬೇಕು, ಇಲಿಗೆ ಅದು ಹಿಂಸೆಯೇ. ಅದಕ್ಕೇ ಔಷಧಿ ಹಾಕಿದವರು ಯಾರು, ಎತ್ತಿದ್ದು ಹೇಗೆ, ಪಂಜರ ಬದಲಾಯಿಸಿ ಎಷ್ಟು ಹೊತ್ತಾಗಿತ್ತು ಎಂದು ಮೆಥಡ್ಸ್‌ನಲ್ಲಿ ಬರೆಯುತ್ತೇನೆ. ಪ್ರಕಟಣೆಗೆ ಮೊದಲು ನನ್ನ ಪೇಪರನ್ನು ರಿವ್ಯೂ ಮಾಡಿದವರೊಬ್ಬರು ಈ ಸಾಲುಗಳು ಬೇಕಾ ಅಂತ ಕೇಳಿದರು. ಬೇಕು ಅಂತ ಉತ್ತರ ಬರೆದು, ಜೊತೆಗೆ 1999ರ ಪೇಪರನ್ನೂ ಲಗತ್ತಿಸಿದೆ.