ಕಿವಿ ಚುಚ್ಚಿಸೋದಕ್ಕೆ ವೈಜ್ಞಾನಿಕ ಕಾರಣ ಏನು ಅಂತ ಕೇಳುವವರಿಗೆ

ನಾನು ಅಕ್ಕಸಾಲಿಯ ಮಗಳು ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಚಿನ್ನದ ರೇಟು ಇಳಿಯುತ್ತಾ ಅಂತ. ಅದು ಗೊತ್ತಿದ್ದಿದ್ದರೆ ನಮ್ಮಪ್ಪ ಇಷ್ಟು ವರ್ಷ ಕುಲುಮೆ ಮುಂದೆ ಕೂರುತ್ತಿರಲಿಲ್ಲ. ಎರಡನೆಯದು: "ಕಿವಿ, ಮೂಗು ಚುಚ್ಚಿಸೋದಕ್ಕೆ ವೈಜ್ಞಾನಿಕ ಕಾರಣ ಇದೆಯಂತಲ್ಲ, ಏನದು?"

ಕೇಳುವಾಗಲೇ ಉತ್ತರ ಅವರ ಫೋನಿನಲ್ಲಿ ಇರುತ್ತದೆ. ಕಿವಿಯ ಹಾಲೆಯಲ್ಲಿ ಕಣ್ಣಿನ ನರ ಇದೆ, ಚುಚ್ಚಿದರೆ ಬುದ್ಧಿ ಚುರುಕಾಗುತ್ತದೆ, ಮೂಗಿನ ಎಡ ಹೊಳ್ಳೆಗೂ ಗರ್ಭಕೋಶಕ್ಕೂ ನಂಟು, ಹೀಗೆ. ನನ್ನಿಂದ ಬೇಕಾಗಿರೋದು ಒಂದು "ಹೌದು" ಅಷ್ಟೇ.

ಹೌದು ಅನ್ನೋಕೆ ನನಗೆ ಆಗಲ್ಲ. ಕಾರಣಗಳಿವೆ, ಬೇಕಾದಷ್ಟಿವೆ. ಚೆಂದ ಕಾಣಲಿ ಅಂತ, ಮಗು ಉಳಿಯಲಿ ಅಂತ, ಇದು ನಮ್ಮ ಮನೆ ಕೂಸು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ. ಇಷ್ಟು ಸಾಲದೇ? ಇದಕ್ಕೆ ವಿಜ್ಞಾನದ ಸರ್ಟಿಫಿಕೇಟು ಬೇರೆ ಯಾಕೆ?

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಕಿವಿ ಚುಚ್ಚುವ ಶಾಸ್ತ್ರಕ್ಕೆ ಜನ ಅಪ್ಪನನ್ನು ಮನೆಗೆ ಕರೆಸುತ್ತಿದ್ದರು. ಡಬ್ಬಿ ಹಿಡಿದುಕೊಂಡು ನಾನೂ ಹಿಂದೆ ಹೋಗುತ್ತಿದ್ದೆ. ಸೋದರಮಾವನ ತೊಡೆ ಮೇಲೆ ಮಗು ಕೂತಿರುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ. ಅಪ್ಪ ಕಡ್ಡಿಯ ತುದಿಗೆ ಕಾಡಿಗೆ ಮಾಡಿಕೊಂಡು ಎರಡೂ ಹಾಲೆಗೆ ಒಂದೊಂದು ಚುಕ್ಕೆ ಇಡುತ್ತಿದ್ದರು. ಆಮೇಲೆ ಹಿಂದೆ ಸರಿದು ಕೂತು, ಒಂದು ಕಣ್ಣು ಮುಚ್ಚಿ ನೋಡುವರು. ಸಮ ಇಲ್ಲ ಅನ್ನಿಸಿದರೆ ಒರೆಸಿ ಮತ್ತೆ ಇಡುವರು. ಹೊತ್ತು ಹೋಗುತ್ತಿದ್ದದ್ದೆಲ್ಲ ಆ ಚುಕ್ಕೆಗೇ. ಚುಚ್ಚೋದು ಎರಡು ಸೆಕೆಂಡಿನ ಕೆಲಸ. ಚಿನ್ನದ ತಂತಿಯ ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡಿಕೊಂಡಿರುತ್ತಾರೆ. ಅದರಲ್ಲೇ ಚುಚ್ಚಿ, ಅಲ್ಲೇ ಬಗ್ಗಿಸಿ ಸುತ್ತಿಬಿಟ್ಟರೆ ರಿಂಗು. ಮಗು ಎರಡನೇ ಕಿವಿಗೇ ಜಾಸ್ತಿ ಅಳುತ್ತದೆ. ಏನು ಕಾದಿದೆ ಅಂತ ಅಷ್ಟೊತ್ತಿಗೆ ಗೊತ್ತಾಗಿರುತ್ತಲ್ಲ! ಬಾಯಿಗೆ ಬೆಲ್ಲದ ಚೂರು, ಕಿವಿಗೆ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ. ಅಪ್ಪನಿಗೆ ತಟ್ಟೆಯಲ್ಲಿದ್ದದ್ದು ಮತ್ತು ಒಂದಿಷ್ಟು ದುಡ್ಡು.

"ನರ ನೋಡಿ ಚುಚ್ತೀರಾ ಆಚಾರ್ರೇ?" ಅಂತ ಯಾರೋ ಒಮ್ಮೆ ಕೇಳಿದ್ದರು. "ನರ ಸಿಕ್ಕಿದ್ರೆ ಕೆಡ್ತು. ನರ ತಪ್ಪಿಸೋದೇ ನಮ್ಮ ಕೆಲಸ" ಅಂದರು ಅಪ್ಪ.

ಇದೇ ಮಾತನ್ನು ಹಿಂದಿನ ಕಾಲದ ಶಸ್ತ್ರವೈದ್ಯ ಸುಶ್ರುತನೂ ಹೇಳಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಕಿವಿ ಚುಚ್ಚೋದರ ಬಗ್ಗೆಯೇ ಇದೆ. ಮಗುವಿನ ಕಿವಿ ಯಾಕೆ ಚುಚ್ಚಬೇಕು ಅಂತ ಮೊದಲಲ್ಲೇ ಹೇಳಿಬಿಡುತ್ತಾನೆ. ರಕ್ಷೆಗೆ ಮತ್ತು ಭೂಷಣಕ್ಕೆ. ಬುದ್ಧಿ, ಕಣ್ಣು, ನೆನಪು ಯಾವುದರ ಸುದ್ದಿಯೂ ಅಲ್ಲಿಲ್ಲ. ಆರನೇ ಅಥವಾ ಏಳನೇ ತಿಂಗಳಲ್ಲಿ ಮಾಡಿ, ತೊಡೆ ಮೇಲೆ ಕೂರಿಸಿಕೊಂಡು ಆಟಿಕೆ ತೋರಿಸುತ್ತಾ ಮಗುವಿನ ಗಮನ ಬೇರೆ ಕಡೆ ಎಳೆಯಿರಿ, ಹಾಲೆಯನ್ನು ಎಳೆದು ಹಿಡಿದು ಬಿಸಿಲು ಹಾಯುವ ತೆಳು ಜಾಗ ನೋಡಿ ಅಲ್ಲಿ ಚುಚ್ಚಿ ಅನ್ನುತ್ತಾನೆ. ಹುಡುಗನಿಗೆ ಮೊದಲು ಬಲಗಿವಿ, ಹುಡುಗಿಗೆ ಎಡಗಿವಿ. ತೂತಿಗೆ ಹತ್ತಿಯ ಬತ್ತಿ ಹಾಕಿ ಎಣ್ಣೆ ಬಿಡಬೇಕು, ಮೂರು ದಿನಕ್ಕೊಮ್ಮೆ ಇನ್ನೂ ದಪ್ಪ ಬತ್ತಿ ಹಾಕಬೇಕು. ಜಾಗ ತಪ್ಪಿದರೆ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಅನ್ನೋ ಮೂರು ಸಿರೆಗಳಿಗೆ (ಅಂದರೆ ರಕ್ತನಾಳಗಳಿಗೆ) ಏಟಾಗಿ ಜ್ವರ, ಊತ, ನೋವು ಬರುತ್ತದೆ ಅಂತ ಎಚ್ಚರಿಸುತ್ತಾನೆ. ಅಂತ್ರವೃದ್ಧಿ (ಈಗಿನ ಹರ್ನಿಯಾ) ಅನ್ನೋ ರೋಗಕ್ಕೆ ಕಿವಿಯ ಹತ್ತಿರದ ಸಿರೆ ಚುಚ್ಚುವ ಮಾತು ಅದೇ ಗ್ರಂಥದ ಬೇರೆ ಕಡೆ ಬರುತ್ತದೆ, ನಿಜ. ಆದರೆ ಅದು ಚಿಕಿತ್ಸೆ. ಮಗುವಿಗೆ ಓಲೆ ಹಾಕೋ ಸಂಗತಿಯೇ ಬೇರೆ.

ಹಾಗಾದರೆ ಹಾಲೆಯಲ್ಲಿ ಕಣ್ಣಿನ ಬಿಂದು ಇದೆ ಅನ್ನೋ ಮಾತು ಎಲ್ಲಿಂದ ಬಂತು? ಫ್ರಾನ್ಸಿನಿಂದ. 1950ರ ದಶಕದಲ್ಲಿ ಪಾಲ್ ನೋಜಿಯೆ ಅನ್ನೋ ಡಾಕ್ಟರು, ಕಿವಿಯೆಂದರೆ ತಲೆಕೆಳಗಾಗಿ ಮುದುಡಿರುವ ಮಗುವಿನ ಆಕಾರ ಅಂತ ಕಲ್ಪಿಸಿಕೊಂಡು ಒಂದು ನಕ್ಷೆ ಬರೆದರು. ತಲೆ ಕೆಳಗಾದ್ದರಿಂದ ಹಾಲೆಯ ಜಾಗಕ್ಕೆ ಕಣ್ಣು ಬಂತು. ಆ ನಕ್ಷೆ ಹೇಗೋ ನಮ್ಮ ಋಷಿಗಳ ಹೆಸರಿಗೆ ಜಮೆಯಾಗಿ, ಈಗ ದಿನಾ ಬೆಳಿಗ್ಗೆ ಶುಭೋದಯದ ಜೊತೆ ಬರುತ್ತಿದೆ.

ಸುಶ್ರುತನ ಅಧ್ಯಾಯದಲ್ಲಿ ನನಗೆ ಇಷ್ಟವಾಗೋದು ಮುಂದಿನ ಭಾಗ. ಹರಿದ ಕಿವಿಯನ್ನು ಕೂಡಿಸೋ 15 ವಿಧಾನಗಳು ಅಲ್ಲಿವೆ. ಅಂದರೆ ಆ ಕಾಲದ ಜನ ಎಷ್ಟು ಭಾರ ತೂಗುಹಾಕಿಕೊಂಡು ಕಿವಿ ಹರಿದುಕೊಳ್ಳುತ್ತಿದ್ದರು ಲೆಕ್ಕ ಹಾಕಿ. ಕತ್ತರಿಸಿಹೋದ ಮೂಗನ್ನು ಕಟ್ಟುವ ವಿದ್ಯೆಯೂ ಅದೇ ಅಧ್ಯಾಯದ ಕೊನೆಗೆ ಬರುತ್ತದೆ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು ಕೊಯ್ಸಿಕೊಂಡ ಕವಾಸ್‌ಜಿ ಅನ್ನೋ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಒಬ್ಬ ಹೊಸ ಮೂಗು ಮಾಡಿಕೊಟ್ಟ. ಅದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿಕೊಂಡು ಅಲ್ಲಿನ ಡಾಕ್ಟರು ಕಾರ್ಪ್ಯೂ 1814ರಲ್ಲಿ ಅದೇ ರೀತಿ ಆಪರೇಷನ್ ಮಾಡಿದರು. ನಮ್ಮ ಹಿಂದಿನವರ ವಿಜ್ಞಾನ ಅಂತ ಹೆಮ್ಮೆ ಪಡಬೇಕು ಅಂದರೆ ಇದರ ಬಗ್ಗೆ ಪಡಬಹುದು. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಇನ್ನು ಮೂಗು. ಮೂಗುಬೊಟ್ಟು ಅನಾದಿ ಕಾಲದ್ದು ಅನ್ನುವವರಿಗೆ ನಾನು ಹೇಳೋದು ಒಂದೇ, ಬೇಲೂರಿಗೆ ಹೋಗಿ ಬನ್ನಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ. ದರ್ಪಣಸುಂದರಿಯ ಮುಂದೆ ಕತ್ತೆತ್ತಿ ನಿಂತುಕೊಳ್ಳಿ. ಕೊರಳಲ್ಲಿ ಹಾರ, ತೋಳಲ್ಲಿ ಬಂದಿ, ಸೊಂಟದಲ್ಲಿ ಡಾಬು, ಕಿವಿಯಲ್ಲಿ ಇಷ್ಟಗಲದ ಓಲೆ. ಅಷ್ಟೆಲ್ಲ ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಮೂಗು ಮಾತ್ರ ಬರಿದು. ಉಳಿದ ಮದನಿಕೆಯರದ್ದೂ ಅದೇ ಕಥೆ. ಉಂಗುರದ ಗೆರೆಯನ್ನೂ ಬಿಡದೆ ಕೆತ್ತಿದ ಶಿಲ್ಪಿ ಮೂಗುಬೊಟ್ಟನ್ನು ಮರೆತಿರುತ್ತಾನಾ? ಹಳೆಯ ಭಾರತೀಯ ಶಿಲ್ಪಗಳಲ್ಲಿ ಮೂಗಿನ ಒಡವೆ ಇಲ್ಲ, ಅದು ಪಶ್ಚಿಮ ಏಷ್ಯಾ ಕಡೆಯಿಂದ ಬಂದದ್ದು ಅಂತ ಎಷ್ಟೋ ಇತಿಹಾಸಕಾರರು ಬರೆದಿದ್ದಾರೆ. ಆ ಕಡೆ ಅದು ಬಹಳ ಹಳೆಯದು. ಬೈಬಲ್ಲಿನ ಆದಿಕಾಂಡದಲ್ಲಿ ಅಬ್ರಹಾಮನ ಆಳು ಹೆಣ್ಣು ನೋಡೋಕೆ ಹೋಗಿ, ರೆಬೆಕ್ಕಳಿಗೆ ಚಿನ್ನದ ಮೂಗುತಿ ಹಾಕುತ್ತಾನೆ. ತೂಕವನ್ನೂ ಬರೆದಿದ್ದಾರೆ, ಅರ್ಧ ಶೆಕೆಲ್. (ಹೆಣ್ಣಿನ ಕಡೆಯವರಿಗೆ ಒಡವೆಯ ತೂಕ ಹೇಳೋ ಪದ್ಧತಿ ನಮ್ಮದೊಂದೇ ಅಲ್ಲ ಅಂತಾಯ್ತು.)

ಈಗ ಬೇಲೂರಿನಿಂದ ಒಂದು 400 ವರ್ಷ ಈಚೆಗೆ ಬನ್ನಿ. ಪುರಂದರದಾಸರ ಕಥೆ ಗೊತ್ತಲ್ವಾ? ಇನ್ನೂ ಜಿಪುಣ ಶ್ರೀನಿವಾಸ ನಾಯಕರಾಗಿದ್ದಾಗಿನದು. ಮಗನ ಉಪನಯನಕ್ಕೆ ಅಂತ ಬೇಡಿ ಬಂದ ಬಡ ಬ್ರಾಹ್ಮಣನಿಗೆ ಹೆಂಡತಿ ಸರಸ್ವತಿ ತನ್ನ ಮೂಗುತಿ ಬಿಚ್ಚಿ ಕೊಡುತ್ತಾಳೆ. ಅವನು ಅದನ್ನು ಅವಳ ಗಂಡನ ಅಂಗಡಿಗೇ ತಂದು ಮಾರುತ್ತಾನೆ. ಗಂಡ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಆಮೇಲೆ ವಿಷದ ಬಟ್ಟಲು, ಬಟ್ಟಲಲ್ಲಿ ಮೂಗುತಿ. ಜನ ಹೇಳಿಕೊಂಡು ಬಂದ ಕಥೆ, ಇರಲಿ. ಆದರೆ ಈ ಕಥೆ ನಡೆಯಬೇಕಾದರೆ, ಮೂಗುತಿ ಗಂಡನಿಗೆ ಹೇಳದೆ ಕೊಡಬಹುದಾದ, ತವರಿನಿಂದ ಬಂದ ಒಡವೆ ಆಗಿರಬೇಕು. ಕೇಳುವವರಿಗೂ ಅದು ಹೇಳದೆ ಗೊತ್ತಿರಬೇಕು. ಬೇಲೂರಿನ ಬರೀ ಮೂಗಿನಿಂದ ಈ ಕಥೆಗೆ ಬರೋ ಹೊತ್ತಿಗೆ ಮೂಗುತಿ ನಮ್ಮ ಹೆಣ್ಣುಮಕ್ಕಳ ಸ್ವಂತ ಆಸ್ತಿ ಆಗಿಬಿಟ್ಟಿದೆ. ಹೊರಗಿನಿಂದ ಬಂದದ್ದು ಅಂದರೆ ಕೆಲವರಿಗೆ ಬೇಜಾರಾಗುತ್ತದೆ. ಮೆಣಸಿನಕಾಯಿಯೂ ಹೊರಗಿನದೇ, ಸಾರಿಗೆ ಹಾಕೋದು ಬಿಟ್ಟಿದ್ದೀವಾ?

ಓಲೆ ಅನ್ನೋ ಮಾತನ್ನೇ ನೋಡಿ. ಓಲೆ ಅಂದರೆ ತಾಳೆಗರಿ. ಅದರ ಮೇಲೆ ಬರೆದು ಕಳಿಸಿದರೂ ಓಲೆ, ಸುರುಳಿ ಸುತ್ತಿ ಕಿವಿಯ ತೂತಿಗೆ ತುರುಕಿದರೂ ಓಲೆ. ಗರಿ ಹೋಗಿ ಚಿನ್ನ ಬಂದರೂ ಹೆಸರು ಹಾಗೇ ಉಳಿಯಿತು. ಬೆಂಡೋಲೆಯಲ್ಲಂತೂ ಬೆಂಡೂ ಇದೆ, ಓಲೆಯೂ ಇದೆ. ಬುಗುಡಿ, ಬಾವುಲಿ, ಕೊಪ್ಪು, ಲೋಲಾಕು ಅಂತ ಕಿವಿಯ ಒಂದೊಂದು ಜಾಗಕ್ಕೂ ಒಂದೊಂದು ಹೆಸರು ನಮ್ಮಲ್ಲಿದೆ. ಗಂಡಸರಿಗೂ ಒಂಟಿ, ಹತ್ತಕಡಕು ಇದ್ದವು. ಈಗ ಕಾಲೇಜು ಹುಡುಗ ರಿಂಗು ಹಾಕಿಕೊಂಡರೆ ಬೈಯ್ಯೋ ತಾತನ ಕಿವಿಯಲ್ಲೂ ಮುಚ್ಚಿಹೋದ ತೂತು ಇರುತ್ತದೆ, ಹತ್ತಿರದಿಂದ ನೋಡಿ.

ರಕ್ಷೆ ಅಂದೆನಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದು ತಿಪ್ಪಣ್ಣಜ್ಜನ ಮೂಗಿನಲ್ಲಿ. ಅಪ್ಪನ ಹಳೇ ಗಿರಾಕಿ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಅದಕ್ಕೇ ಇವರು ಹುಟ್ಟಿದಾಗ ತಿಪ್ಪೆ ಮೇಲೆ ಹೊರಳಿಸಿ, ತಿಪ್ಪ ಅಂತ ಹೆಸರಿಟ್ಟು, ಮೂಗು ಚುಚ್ಚಿಸಿದರಂತೆ. ಇದು ಯಾರಿಗೂ ಬೇಡದ ಕೂಸು, ಹೆಣ್ಣು ಕೂಸು ಅಂತ ಸಾವಿಗೆ ಮಂಕುಬೂದಿ ಎರಚೋ ಉಪಾಯ. ತಿಪ್ಪ, ಗುಂಡ, ಕಲ್ಲ ಅನ್ನೋ ಹೆಸರುಗಳ ಹಿಂದೆ ಇಂಥ ಕಥೆಗಳು ಎಷ್ಟೋ ಇವೆ. ಉತ್ತರದ ಕಡೆ ನತ್ಥು ಅಂತ ಹೆಸರಿಡುತ್ತಿದ್ದದ್ದೂ ಇದಕ್ಕೇ, ನಥ್ ಅಂದರೆ ಅಲ್ಲಿ ಮೂಗುತಿ. ತಿಪ್ಪಣ್ಣಜ್ಜ ನಕ್ಕಾಗ ಆ ಸಣ್ಣ ಕುಳಿ ಎಳೆದುಕೊಂಡು ಗೆರೆಯಾಗುತ್ತಿತ್ತು. ಈ ಮೂಗಿನ ಮುಂದೆ ನಿಂತು ವೈಜ್ಞಾನಿಕ ಕಾರಣ ಹುಡುಕೋಕೆ ನನಗೆ ಮನಸ್ಸಾಗಲ್ಲ.

ಬೇರೆ ದೇಶಗಳಲ್ಲೂ ಹೀಗೇ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಓಟ್ಜಿ ಅಂತ ಹೆಸರಿಟ್ಟಿರೋ ಮನುಷ್ಯನ ಹೆಣ ಸುಮಾರು 5300 ವರ್ಷ ಹಳೆಯದು. ಅವನ ಕಿವಿಯ ಹಾಲೆಯಲ್ಲೂ ಹಿಗ್ಗಿಸಿದ ದೊಡ್ಡ ತೂತು ಇದೆ. ಬುದ್ಧನ ಜೋಲು ಕಿವಿ ನೆನಪಿಸಿಕೊಳ್ಳಿ. ರಾಜಕುಮಾರನಾಗಿದ್ದಾಗಿನ ಭಾರದ ಕುಂಡಲಗಳನ್ನು ಬಿಟ್ಟುಬಂದರೂ, ಕಿವಿ ಮಾತ್ರ ಅದನ್ನು ಮರೆತಿಲ್ಲ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಇನ್ನೊಂದು ಥರದ ತೂತು ಬರುತ್ತದೆ. ಬಿಡುಗಡೆ ಬೇಡ, ಯಜಮಾನನ ಹತ್ತಿರವೇ ಇರುತ್ತೇನೆ ಅನ್ನೋ ದಾಸನನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಾರೆ. ಆಮೇಲೆ ಅವನು ಸಾಯೋವರೆಗೂ ಆ ಮನೆಯವನು. ಮಂಗಳೂರಿನ ಕದ್ರಿಯಲ್ಲಿ ಮಠ ಇರುವ ನಾಥಪಂಥದ ಜೋಗಿಗಳದ್ದು ಇದಕ್ಕೆ ಉಲ್ಟಾ, ಅವರು ಮನೆ ಬಿಟ್ಟವರು. ಹಾಲೆಯಲ್ಲ, ಕಿವಿಯ ನಡುವಿನ ಗಟ್ಟಿ ಭಾಗವನ್ನೇ ಸೀಳಿ ದೊಡ್ಡ ಕುಂಡಲ ಹಾಕುತ್ತಾರೆ. ಅದಕ್ಕೇ ಅವರನ್ನು ಕಾನ್‌ಫಟಾ, ಅಂದರೆ ಕಿವಿ ಸೀಳಿದವರು ಅನ್ನೋದು.

ಕಾರಣ ಹುಡುಕೋ ಚಟ ನಮಗೊಬ್ಬರಿಗೇ ಅಲ್ಲ. ಇಥಿಯೋಪಿಯಾದ ಮುರ್ಸಿ ಹೆಂಗಸರು ಕೆಳತುಟಿ ಸೀಳಿ ಮಣ್ಣಿನ ಬಿಲ್ಲೆ ಹಾಕಿಕೊಳ್ಳುತ್ತಾರೆ. ಗುಲಾಮರ ವ್ಯಾಪಾರಿಗಳು ಹೊತ್ತೊಯ್ಯದಿರಲಿ ಅಂತ ಕುರೂಪ ಮಾಡಿಕೊಂಡರು ಅಂತ ಟೂರಿಸ್ಟುಗಳು ಹೇಳೋದು. ಅವರ ನಡುವೆ ಇದ್ದು ಅಧ್ಯಯನ ಮಾಡಿದವರು ಇದನ್ನು ಒಪ್ಪಲ್ಲ. ಅವರಿಗೆ ಅದು ದೊಡ್ಡವಳಾದ ಹೆಣ್ಣಿನ ಗತ್ತು. ನಮಗೆ ಚೆಂದ ಅನ್ನಿಸದೇ ಇದ್ದದ್ದಕ್ಕೆಲ್ಲ ಒಂದು ಕಾರಣ ಬೇಕು ಅನ್ನಿಸುತ್ತದೆ, ಅಷ್ಟೇ.

ನೋವಿಗಾಗಿಯೇ ಚುಚ್ಚಿಸಿಕೊಳ್ಳೋದೂ ಇದೆ. ನಮ್ಮ ಕಡೆ ಮಾರಮ್ಮನ ಜಾತ್ರೆಯಲ್ಲಿ ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಳು. ಹರಕೆ ತೀರೋವರೆಗೂ ಮಾತಿಲ್ಲ. ಉತ್ತರ ಕರ್ನಾಟಕದಲ್ಲಿ ವೀರಭದ್ರನ ಗುಗ್ಗಳದ ಮೆರವಣಿಗೆ ಮುಂದೆ ಒಡಪು (ದೇವರನ್ನು ಹೊಗಳೋ ಮಾತು) ಹೇಳುತ್ತಾ ಕುಣಿಯೋ ಪುರವಂತರು ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುತ್ತಾರೆ. ಮೆಕ್ಸಿಕೋದ ಯಾಶ್ಚಿಲಾನ್‌ನಲ್ಲಿ ಸುಮಾರು 1300 ವರ್ಷದ ಹಿಂದಿನ ಒಂದು ಕಲ್ಲು ಸಿಕ್ಕಿದೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮಾಯಾ ರಾಣಿಯೊಬ್ಬಳು ಮೊಣಕಾಲೂರಿ ಕೂತು ಮುಳ್ಳಿನ ಹಗ್ಗವನ್ನು ನಾಲಿಗೆಯ ತೂತಿನಲ್ಲಿ ಎಳೆಯುತ್ತಿದ್ದಾಳೆ. ರಾಜ ಪಂಜು ಹಿಡಿದು ನಿಂತಿದ್ದಾನೆ. ನಾನು ಅದರ ಫೋಟೋ ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಕಿವಿಯಲ್ಲಿ ಏನು ಹಾಕವ್ಳೆ ನೋಡು, ಎಷ್ಟು ದಪ್ಪ" ಅಂದರು.

ಗನ್ನಲ್ಲಿ ಹೊಡೆಸಬಹುದಾ ಅಂತಲೂ ಕೇಳುತ್ತೀರಿ. ನಾನೇ ಹೊಡೆಸಿಕೊಂಡು ಕೆಟ್ಟವಳು. ಅಕ್ಕಸಾಲಿ ಮಗಳಾಗಿಯೂ, ಕಿವಿಯ ಮೇಲ್ಭಾಗಕ್ಕೆ ಒಂದು ಇರಲಿ ಅಂತ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಠಪ್ ಅಂತು, ಮುಗೀತು. ನಾಲ್ಕನೇ ದಿನಕ್ಕೆ ಕಿವಿ ಬದನೆಕಾಯಿ ಥರ ಊದಿತು. ಹಾಲೆಯಲ್ಲಿ ಮಾಂಸ, ರಕ್ತ ಇರುವುದರಿಂದ ಗಾಯ ಬೇಗ ಮಾಯುತ್ತದೆ. ಮೇಲಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಕೀವು ಹಿಡಿದರೆ ಸುಲಭಕ್ಕೆ ಬಿಡಲ್ಲ. ಪ್ಲಾಸ್ಟಿಕ್ ಗನ್ನನ್ನು ಆಸ್ಪತ್ರೆಯ ಸಾಮಾನಿನ ಥರ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡೋಕೂ ಆಗಲ್ಲ. ಅಗ್ಗದ ಒಡವೆಯಲ್ಲಿರೋ ನಿಕ್ಕಲ್ ಬೇರೆ ಎಷ್ಟೋ ಜನಕ್ಕೆ ಆಗಿಬರಲ್ಲ. ಹಾಗಾಗಿ ಯಾರ ಹತ್ತಿರವಾದರೂ ಚುಚ್ಚಿಸಿ, ಅಕ್ಕಸಾಲಿಯಾದರೂ ಸರಿ, ಡಾಕ್ಟರಾದರೂ ಸರಿ. ಸೂಜಿ ಹೊಸದಾಗಿರಲಿ, ಕೈ ತೊಳೆದಿರಲಿ. ಮಗುವಿಗೆ ಮೊದಲಿನ ಲಸಿಕೆಗಳು ಆಗಿರಲಿ. ಈ ವಿಷಯದಲ್ಲಿ ವಿಜ್ಞಾನವನ್ನು ಖಂಡಿತ ಕೇಳಿ.

ಕೊನೆಗೆ ಮೂಗು ಎಡಕ್ಕಾ ಬಲಕ್ಕಾ ಅನ್ನೋ ಪ್ರಶ್ನೆ ಉಳಿಯಿತು. ತಮಿಳರ ಕಡೆ ಬಲಕ್ಕೆ ಜಾಸ್ತಿ, ಉತ್ತರದ ಕಡೆ ಎಡಕ್ಕೆ. ನಮ್ಮೂರಲ್ಲಿ ಎರಡೂ ಕಡೆ ಹಾಕಿಕೊಂಡ ಅಜ್ಜಿಯರೂ ಇದ್ದರು. ಹೋದ ತಿಂಗಳು ನನ್ನ ಅಕ್ಕನ ಮಗಳು ಇದನ್ನೇ ಅಪ್ಪನಿಗೆ ಫೋನ್ ಮಾಡಿ ಕೇಳಿದಳು. ಅಪ್ಪನಿಗೆ ಈಗ ಕೈ ನಡುಗುತ್ತದೆ, ಚುಚ್ಚೋದು ಬಿಟ್ಟಿದ್ದಾರೆ. "ಬೈತಲೆ ಯಾವ ಕಡೆ ತೆಗೀತೀಯವ್ವಾ?" ಅಂತ ಕೇಳಿದರು. ಎಡಕ್ಕೆ ಅಂದಳು. "ಹಂಗಾದ್ರೆ ಬಲಕ್ಕೆ ಚುಚ್ಚಿಸ್ಕೋ. ಆಮೇಲೆ ಕನ್ನಡೀಲಿ ನೋಡ್ಕೊಂಡು ಫೋಟೋ ಕಳ್ಸು."