ಮಾಡೆಲ್‌ನಲ್ಲಿ ಘಟ್ಟ ಕಟ್ಟುವಾಗ ಎಲ್ಲೆಲ್ಲಿ ಕೈಕೊಡುತ್ತದೆ

ಬೆಟ್ಟ ಗಾಳಿಯನ್ನು, ಮಳೆಯನ್ನು ಹೇಗೆ ಬದಲಿಸುತ್ತದೆ ಎಂದು ನೋಡಲು ಕಂಪ್ಯೂಟರಿನ ಹವಾಮಾನ ಮಾಡೆಲ್‌ಗೆ ಕಾಲ್ಪನಿಕ ಪರ್ವತ ಸೇರಿಸುವ ಸೂತ್ರ ಒಂದೇ ಸಾಲಿನದು. ಸಮಯ ಹೋಗುವುದು ಅದರ ಸುತ್ತಲಿನ ಕೆಲಸಕ್ಕೆ.

ಮಂಗಳೂರಿನಲ್ಲಿ ಕೂತು ಈ ಕೋಡ್ ಬರೆಯುವವರಿಗೆ ಮೊದಲು ನೆನಪಾಗುವುದು ನಮ್ಮ ಘಟ್ಟವೇ: ಕಡಲ ಕಡೆ ಕಡಿದಾದ ಏರು, ಮೂಡಣಕ್ಕೆ ನಿಧಾನದ ಇಳಿಜಾರು. ಆದರೆ ಉಡುಪಿಯಿಂದ ಆಗುಂಬೆಗೆ ನೇರ ಅಂತರ ಸುಮಾರು 40 ಕಿ.ಮೀ. ಮಾತ್ರ. ಅಲ್ಲಿನ ಸುಮಾರು 650 ಮೀ. ಎತ್ತರದ ಬಹುಪಾಲನ್ನು ಸೋಮೇಶ್ವರ ದಾಟಿದ ಮೇಲಿನ ಕೆಲವೇ ಕಿಲೋಮೀಟರಿನಲ್ಲಿ ಏರಿ ಮುಗಿಸುತ್ತೇವೆ. ಮಾಡೆಲ್ ಭೂಮಿಯನ್ನು ಚೌಕಗಳ ಗ್ರಿಡ್ ಆಗಿ ಹಂಚುತ್ತದೆ; ನಮ್ಮ ಅಕ್ಷಾಂಶದಲ್ಲಿ 1 ಡಿಗ್ರಿ ಗ್ರಿಡ್‌ನ ಒಂದು ಚೌಕ ಪೂರ್ವ-ಪಶ್ಚಿಮವಾಗಿ ಸುಮಾರು 108 ಕಿ.ಮೀ.; ಮಲ್ಪೆಯ ಕಡಲೂ ಆಗುಂಬೆಯ ನೆತ್ತಿಯೂ ಒಂದೇ ಚೌಕದೊಳಗೆ ಬಂದುಬಿಡಬಹುದು. ಪರ್ವತದ ಅರ್ಧ ಅಗಲಕ್ಕೆ (ನೆತ್ತಿಯಿಂದ ಒಂದು ಬದಿಗೆ ಅಳೆದ ಅಗಲ) ಕನಿಷ್ಠ ನಾಲ್ಕೈದು ಗ್ರಿಡ್ ಅಂತರ ಬೇಕು. ಹಾಗಾಗಿ 1 ಡಿಗ್ರಿಯಲ್ಲಿ 450 ಕಿ.ಮೀ.ಗಿಂತ ಕಡಿಮೆ ಅರ್ಧ ಅಗಲ ಇಡಬೇಡಿ, ಮತ್ತು ಅದನ್ನು ಪಶ್ಚಿಮ ಘಟ್ಟ ಎಂದು ಕರೆಯಲೂಬೇಡಿ. ಘಟ್ಟದಂಥ ಮುಖವೇ ಬೇಕಿದ್ದರೆ 4 ಕಿ.ಮೀ. ಗ್ರಿಡ್‌ನ ಎರಡು ಆಯಾಮದ (ಪೂರ್ವ-ಪಶ್ಚಿಮ ಮತ್ತು ಎತ್ತರ ಮಾತ್ರ) ಸೀಳಿಗೆ ಇಳಿಯಿರಿ.

ಆಕಾರಕ್ಕೆ ನಮ್ಮ ಮೊದಲ ಆಯ್ಕೆ ಗೌಸಿಯನ್, ಅಂದರೆ ನೆತ್ತಿಯಿಂದ ದೂರ ಹೋದಂತೆ ಬೇಗ ಸೊನ್ನೆಗೆ ತಗ್ಗುವ ಗಂಟೆಯಾಕಾರ. ಪಶ್ಚಿಮಕ್ಕೆ 20 ಕಿ.ಮೀ., ಪೂರ್ವಕ್ಕೆ 100 ಕಿ.ಮೀ. ಎಂದು ಎರಡು ಅಗಲ ಕೊಟ್ಟರೂ ನೆತ್ತಿಯಲ್ಲಿ ಎರಡೂ ಕಡೆಯ ಇಳಿಜಾರು ಸೊನ್ನೆಯಾದ್ದರಿಂದ ಬೆಸುಗೆ ಕಾಣುವುದಿಲ್ಲ. ಆಗ್ನೇಸಿ ಎಂಬ ಇನ್ನೊಂದು ಗಂಟೆಯಾಕಾರದ ಲೆಕ್ಕ ಕೈಯಲ್ಲೇ ಮಾಡಬಹುದು, ಆದರೆ ಅದರ ಬಾಲ ಉದ್ದ: ಅರ್ಧ ಅಗಲದ ಹತ್ತು ಪಟ್ಟು ದೂರ ಹೋದರೂ ನೆತ್ತಿಯ ಶೇ. 1ರಷ್ಟು ಎತ್ತರ ಉಳಿದಿರುತ್ತದೆ. ಗೋಳದ ಮೇಲಿನ ಮಾಡೆಲ್‌ಗಳನ್ನು ಪರಿಶೀಲಿಸುವ 1992ರ ವಿಲಿಯಮ್ಸನ್ ಪರೀಕ್ಷಾ ಸರಣಿಯ 5ನೆಯದರಲ್ಲಿ ಇರುವುದು 2000 ಮೀ.ನ ಶಂಕು. ಚೂಪಾದ ತುದಿಯಿಂದಾಗಿ ಸ್ಪೆಕ್ಟ್ರಲ್ ಮಾಡೆಲ್‌ಗಳಲ್ಲಿ (ಎಲ್ಲವನ್ನೂ ಅಲೆಗಳ ಮೊತ್ತವಾಗಿ ಬರೆಯುವಂಥವು) ಅದರ ಸುತ್ತ ಅಲೆಯಲೆಯಾಗಿ ಏರಿಳಿತ ಏಳುತ್ತದೆ, ಸಮುದ್ರದ ಮೇಲೆ ಋಣ ಎತ್ತರವೂ ಸಿಗುತ್ತದೆ. ಹಳೆಯ ಫಲಿತಾಂಶಗಳಿಗೆ ಹೋಲಿಸುವುದಕ್ಕಷ್ಟೇ ಅದನ್ನು ಬಳಸಿ. ಬಳಸುವಾಗ ಅದರ ದೂರದ ಲೆಕ್ಕ ಗೋಳದ ಮೇಲಿನದಲ್ಲ, ಅಕ್ಷಾಂಶ-ರೇಖಾಂಶ ವ್ಯತ್ಯಾಸಗಳ ಸರಳ ವರ್ಗಮೂಲ ಎಂಬುದು ಗಮನದಲ್ಲಿರಲಿ.

'ಅಗಲ' ಎಂದರೆ ಯಾವುದು ಎಂದು ಕೋಡ್‌ನಲ್ಲೇ ಟಿಪ್ಪಣಿ ಬರೆದಿಡಿ. ಗೌಸಿಯನ್‌ನ ಘಾತದಲ್ಲಿ 2ರ ಭಾಗಾಕಾರ ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಇಬ್ಬರ ಪರ್ವತಗಳ ಅಗಲಕ್ಕೆ 1.41 ಪಟ್ಟು ವ್ಯತ್ಯಾಸ. ಭಾಗಾಕಾರವಿಲ್ಲದ ರೂಪದಲ್ಲಿ ಅತಿ ಕಡಿದಾದ ಇಳಿಜಾರು ಎತ್ತರ ಭಾಗಿಸು ಅಗಲದ 0.86 ಪಟ್ಟು. 1000 ಮೀ. ಎತ್ತರ, 20 ಕಿ.ಮೀ. ಅಗಲಕ್ಕೆ ಶೇ. 4.3.

ಗೋಳದ ಮೇಲೆ ರೇಖಾಂಶದ ವ್ಯತ್ಯಾಸವನ್ನು 360ರಲ್ಲಿ ಸುತ್ತಿಸಿ ಚಿಕ್ಕದನ್ನು ತೆಗೆದುಕೊಳ್ಳಬೇಕು. 75 ಡಿಗ್ರಿ ಪೂರ್ವದಲ್ಲಿ ಕಿರಿದಾದ ಗುಡ್ಡ ಇಟ್ಟರೆ ಇದನ್ನು ಮರೆತದ್ದು ಗೊತ್ತೇ ಆಗುವುದಿಲ್ಲ, 0 ಡಿಗ್ರಿಗೆ ಸರಿಸಿದಾಗ ಅರ್ಧ ಪರ್ವತ ಮಾಯ. ಆದ್ದರಿಂದ ಪರೀಕ್ಷೆಯನ್ನು 0ಯಲ್ಲೇ ಮಾಡಿ. ದೂರಕ್ಕೆ ವಿಲೋಮ ಕೊಸೈನ್ ಬಳಸಿದರೆ ನೆತ್ತಿಯ ಬಿಂದುವಿನಲ್ಲಿ ಒಳಗಿನ ಬೆಲೆ 1ನ್ನು ಕೂದಲೆಳೆಯಷ್ಟು ದಾಟಿ, ಸಂಖ್ಯೆಯೇ ಅಲ್ಲದ ಉತ್ತರ ಬರಬಹುದು. 1ಕ್ಕೆ ಕತ್ತರಿಸಿ, ಇಲ್ಲವೇ ಹ್ಯಾವರ್‌ಸೈನ್ ಸೂತ್ರ ಬಳಸಿ.

ಬಹಳಷ್ಟು ಮಾಡೆಲ್‌ಗಳು ಕೇಳುವುದು ಎತ್ತರವನ್ನಲ್ಲ, ಎತ್ತರ ಗುಣಿಸು ಗುರುತ್ವವನ್ನು. ಗುಣಿಸದೆ ಕೊಟ್ಟರೆ 1000 ಮೀ. ಬೆಟ್ಟ 102 ಮೀ. ದಿಬ್ಬವಾಗುತ್ತದೆ, ಮಾಡೆಲ್ ತಕರಾರಿಲ್ಲದೆ ಓಡುತ್ತದೆ. ಅತಿ ಕೆಟ್ಟ ದೋಷ ಇದೇ, ಏಕೆಂದರೆ ಏನೂ ಮುರಿಯುವುದಿಲ್ಲ.

ಎತ್ತರ ಬದಲಾದ ಮೇಲೆ ಅದರ ಜೊತೆಗಿರುವ ಉಳಿದವೂ ಬದಲಾಗಬೇಕು. ನೆಲಮಟ್ಟದ ಒತ್ತಡ ಮೊದಲನೆಯದು: 288 ಕೆಲ್ವಿನ್ ಸಮತಾಪದ ಗಾಳಿಯಲ್ಲಿ ಕಡಲಮಟ್ಟದಲ್ಲಿ 1000 ಹೆಕ್ಟೊಪಾಸ್ಕಲ್ ಇದ್ದರೆ 1000 ಮೀ. ಮೇಲೆ 888. ಎಲ್ಲೆಡೆ 1000 ಬಿಟ್ಟರೆ ಮೊದಲ ಹೆಜ್ಜೆಯಲ್ಲೇ ಪರ್ವತದ ಮೇಲಿಂದ ಗಾಳಿ ಸ್ಫೋಟಿಸಿದಂತೆ ಹೊರನುಗ್ಗುತ್ತದೆ. ಎರಡನೆಯದು ಮೇಲ್ಮೈ. ನೆಲವೇ ಇಲ್ಲದ ಜಲಗ್ರಹದಲ್ಲಿ ಪರ್ವತ ಎಬ್ಬಿಸಿದರೆ ಅದು ಮೇಲೆತ್ತಿದ ಕಡಲು, 1000 ಮೀ. ಮೇಲೆ 300 ಕೆಲ್ವಿನ್ ನೀರು ಕೂತು ಅಲ್ಲಿ ಸುಳ್ಳು ಮಳೆ ಸುರಿಸುತ್ತದೆ. ಮೇಲ್ಮೈ ತಾಪವನ್ನು ಕಿಲೋಮೀಟರಿಗೆ 6.5 ಡಿಗ್ರಿಯಂತೆ ಇಳಿಸಿ, ಅಥವಾ ಭೂಭಾಗದ ಮುಸುಕನ್ನೂ (ಎಲ್ಲಿ ನೆಲ, ಎಲ್ಲಿ ಕಡಲು ಎಂದು ಹೇಳುವ ಫೀಲ್ಡ್) ತಿದ್ದಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಗ್ರಿಡ್‌ಗಿಂತ ಸಣ್ಣ ಏರುತಗ್ಗುಗಳು ಎಷ್ಟು ಎಂದು ಹೇಳುವ ವಿಚಲನೆಯ ಫೀಲ್ಡ್. ಹಳೆಯ ಫೈಲಿನದ್ದೇ ಉಳಿದರೆ ಹಿಮಾಲಯ ಅಳಿಸಿದ ಜಾಗದಲ್ಲೂ ಅದು ಎಬ್ಬಿಸುತ್ತಿದ್ದ ಗಾಳಿಯಲೆಗಳ, ಅಂದರೆ ಗುರುತ್ವ ತರಂಗದ, ಎಳೆತ ಗಾಳಿಯನ್ನು ತಡೆಯುತ್ತಲೇ ಇರುತ್ತದೆ.

ಓಡಿಸುವ ಮುನ್ನ ಒಂದು ಲೆಕ್ಕ: ಸ್ಥಿರತೆಯ ಆವೃತ್ತಿ (ಮೇಲೆತ್ತಿ ಬಿಟ್ಟ ಗಾಳಿ ಎಷ್ಟು ಬೇಗ ಏರಿಳಿಯುತ್ತದೆ ಎಂಬ ಅಳತೆ) ಗುಣಿಸು ಎತ್ತರ ಭಾಗಿಸು ಗಾಳಿವೇಗ. ಸೆಕೆಂಡಿಗೆ 0.01, 1000 ಮೀ., ಸೆಕೆಂಡಿಗೆ 10 ಮೀ. ಎಂದರೆ ಉತ್ತರ 1, ಅಂದರೆ ಗಾಳಿಗೆ ಈ ಪರ್ವತ ಸಣ್ಣ ಅಡ್ಡಿಯಲ್ಲ. ಸಣ್ಣ ಅಡ್ಡಿಗಷ್ಟೇ ಹೊಂದುವ ರೇಖೀಯ ಸಿದ್ಧಾಂತಕ್ಕೆ ಹೋಲಿಸಬೇಕಿದ್ದರೆ ಎತ್ತರವನ್ನು 100 ಮೀ.ಗೆ ಇಳಿಸಿ. ಇದೇ ಗಾಳಿಯಲ್ಲಿ ಅಲೆಯ ಲಂಬ ಉದ್ದ 6.3 ಕಿ.ಮೀ.; ಮೇಲ್ತುದಿಯಲ್ಲಿ ಅಷ್ಟಾದರೂ ದಪ್ಪದ ಹೀರುಪದರ ಇಲ್ಲದಿದ್ದರೆ ಅಲೆ ಚಾವಣಿಗೆ ಬಡಿದು ಹಿಂದಿರುಗುತ್ತದೆ.

ಕೊನೆಗೆ ನಿಶ್ಚಲ ಪರೀಕ್ಷೆ. ಗಾಳಿ ಸೊನ್ನೆ, ತೇವವಿಲ್ಲ, ಭೌತ ಪ್ರಕ್ರಿಯೆಗಳೆಲ್ಲ ಬಂದ್, ತಾಪ ಎತ್ತರಕ್ಕೆ ತಕ್ಕಂತೆ ಮಾತ್ರ. ಐದಾರು ದಿನ ಓಡಿಸಿ. ಗಾಳಿ ಸೊನ್ನೆಯಲ್ಲೇ ಇರಬೇಕು, ಪೂರ್ತಿ ಇರುವುದಿಲ್ಲ. ಮೊದಲ ಹೆಜ್ಜೆಯಲ್ಲೇ ಎದ್ದು ಸುತ್ತಲೂ ಹರಡಿದರೆ ಆರಂಭಿಕ ಒತ್ತಡವನ್ನು ನೋಡಿ. ಇಳಿಜಾರಿಗೇ ಅಂಟಿಕೊಂಡು ನಿಧಾನ ಬೆಳೆದರೆ ಅದು ನೆಲದ ಏರಿಳಿತದ ಜೊತೆಗೇ ಬಾಗುವ ಪದರಗಳಲ್ಲಿ ಸಮೀಕರಣದ ಎರಡು ದೊಡ್ಡ ಪದಗಳು ಒಂದನ್ನೊಂದು ಪೂರ್ತಿ ವಜಾ ಮಾಡದೆ ಉಳಿದ, ಒತ್ತಡದ ಅಡ್ಡ ವ್ಯತ್ಯಾಸವನ್ನು ಲೆಕ್ಕ ಹಾಕುವಾಗಿನ ದೋಷ. ಎತ್ತರ ಅರ್ಧ ಮಾಡಿ ಮತ್ತೆ ಓಡಿಸಿ; ಹುಸಿ ಗಾಳಿ ಗಣನೀಯವಾಗಿ ತಗ್ಗಿದರೆ ಅಗಲ ಹೆಚ್ಚಿಸಿ ಅಥವಾ ಗ್ರಿಡ್ ಸಣ್ಣದು ಮಾಡಿ. ತಗ್ಗದಿದ್ದರೆ ಎತ್ತರದ ಫೈಲ್ ಬಿಟ್ಟು ಬೇರೆ ಕಡೆ ಹುಡುಕಿ.