ಪೊಲೀಸ್ ಕಿರುಕುಳದ ದೂರು: ಮೊದಲ ಎರಡು ಮೂರು ದಿನದ ಕಾಗದವೇ ನಿಲ್ಲುವುದು

'ಪೊಲೀಸರು ಸುಮ್ಮಸುಮ್ಮನೆ ಸ್ಟೇಷನ್‌ಗೆ ಕರೆಸ್ತಾರ, ಹೊಡದಾರ, ಮನಿ ಮಂದಿಗಿ ಹೆದರಸ್ತಾರ.' ಕಲಬುರಗಿಯಲ್ಲಿ ಕಾನೂನು ನೆರವಿನ ಕೆಲಸ ಮಾಡುವವರ ಬಳಿ ಬರುವ ಬಹಳಷ್ಟು ಅರ್ಜಿಗಳಲ್ಲಿ ಇರುವುದು ಇಷ್ಟೇ. ಇಂಥ ಅರ್ಜಿಯನ್ನು ಯಾವ ಮೇಲಧಿಕಾರಿಗೆ ಕೊಟ್ಟರೂ, ಯಾವ ಆಯೋಗಕ್ಕೆ ಕಳಿಸಿದರೂ, ಅವರು ಮೊದಲು ಪೊಲೀಸ್ ಇಲಾಖೆಯಿಂದಲೇ ವರದಿ ಕೇಳುತ್ತಾರೆ. 'ಅರ್ಜಿದಾರನನ್ನು ಠಾಣೆಗೆ ಕರೆಸಿಯೇ ಇಲ್ಲ' ಎಂದು ಒಂದು ಸಾಲು ಬರೆದು ಬಂದರೆ, ಅದನ್ನು ಅಲ್ಲಗಳೆಯಲು ಏನಾದರೂ ಕೈಯಲ್ಲಿರಬೇಕು. ಆ 'ಏನಾದರೂ' ಹೆಚ್ಚಾಗಿ ಸಿಗುವುದು ಘಟನೆಯ ಮೊದಲ ಎರಡು ಮೂರು ದಿನಗಳಲ್ಲೇ.

ಕಿರುಕುಳ ಶುರುವಾಗುವುದು ಸಾಮಾನ್ಯವಾಗಿ ಫೋನ್ ಕರೆಯಿಂದ. ಆರೋಪಿಯಾಗಿ ಕರೆಯುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 35(3)ರಡಿ, ಸಾಕ್ಷಿಯಾಗಿ ಕರೆಯುವುದಾದರೆ ಕಲಂ 179ರಡಿ ಲಿಖಿತ ನೋಟಿಸ್ ಬೇಕು. ಕಲಂ 35ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಸಾಕ್ಷಿ ಹೇಳಲು ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಹಾಗೆಂದು ಫೋನ್ ಬಂದಾಗ ಜಗಳಕ್ಕೆ ಇಳಿಯುವುದು ಬೇಡ. 'ಸಾಹೇಬ್ರ, ಬರ್ತೀನಿ, ಯಾವ ಕೇಸು ಅಂತ ನೋಟಿಸ್ ಕೊಡ್ರಿ' ಎಂದಷ್ಟೇ ಕೇಳಿ, ಕರೆ ಬಂದ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅದೇ ದಿನ ಠಾಣಾಧಿಕಾರಿಗೆ ಒಂದು ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಬೇಕು. ಅಂಚೆ ರಸೀದಿಯ ಮೇಲಿನ ತಾರೀಖನ್ನು ಯಾರೂ ತಿದ್ದಲಾರರು.

ಹಿಡಿದುಕೊಂಡು ಹೋದರೆ ಗಡಿಯಾರ ನೋಡಿಕೊಳ್ಳಬೇಕಾದವರು ಮನೆಯವರು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೇ ವಿಧಿಯ ಮಾತು. ಈ ಲೆಕ್ಕ ತಪ್ಪುವ ಜಾಗ ಒಂದೇ: ಸಂಜೆ ಕರೆದುಕೊಂಡು ಹೋಗಿ, ಮರುದಿನ ಮಧ್ಯಾಹ್ನ ದಸ್ತಗಿರಿ ಮಾಡಿದ್ದಾಗಿ ಕಾಗದದಲ್ಲಿ ತೋರಿಸುವುದು. ನಡುವಿನ ರಾತ್ರಿ ದಾಖಲೆಯಲ್ಲಿ ಇರುವುದೇ ಇಲ್ಲ. ಅದಕ್ಕೇ, ಕರೆದೊಯ್ದ ಅರ್ಧ ಗಂಟೆಯೊಳಗೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ 'ಇಂಥವರನ್ನು ಇಷ್ಟು ಗಂಟೆಗೆ ಇಂಥ ಕಡೆಯಿಂದ ಕರೆದೊಯ್ದಿದ್ದಾರೆ' ಎಂದು ಹೇಳಬೇಕು. ಆ ಕರೆಯ ಸಮಯ ದಾಖಲಾಗುತ್ತದೆ. ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೂ ಹೇಳಬೇಕು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, ಉಚಿತ ವಕೀಲರನ್ನು ಕೊಡಬೇಕು.

ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪು ಬಂದಾಗಿನಿಂದ ದಸ್ತಗಿರಿ ಪತ್ರಕ್ಕೆ ಒಬ್ಬ ಸಾಕ್ಷಿಯ ಮತ್ತು ಬಂಧಿತನ ಸಹಿ ಬೇಕು. ಅದರಲ್ಲಿ ಸಮಯ, ತಾರೀಖು ಇರಬೇಕು. ಸಮಯ ತಪ್ಪಾಗಿ ಬರೆದಿದ್ದರೆ ಸಹಿಯ ಪಕ್ಕದಲ್ಲೇ ಸರಿಯಾದ ಸಮಯ ಬರೆಯಲು ಕೇಳಬೇಕು. ಬಂಧನದ ಕಾರಣವನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ತಾಂಡಾದ ಲಂಬಾಣಿ ಮಾತಿನ ಹೆಣ್ಣುಮಗಳಿಗೆ, ಔರಾದ್ ಕಡೆಯ ಮರಾಠಿ ಮಾತಿನ ಕೂಲಿಗೆ ಕಚೇರಿ ಕನ್ನಡದ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ತಿಳಿಸಿದಂತಾಗುವುದಿಲ್ಲ. ವಕೀಲರು ಇದನ್ನು ಮೊದಲ ರಿಮಾಂಡ್ (ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ಕಸ್ಟಡಿ ಕೇಳುವ) ದಿನವೇ ಎತ್ತಬೇಕು.

ಗಾಯದ ವಿಷಯದಲ್ಲಿ ಹಾಳಾಗುವ ಕೇಸುಗಳೇ ಹೆಚ್ಚು. ಆಸ್ಪತ್ರೆಯಲ್ಲಿ ಪೇದೆ ಪಕ್ಕದಲ್ಲೇ ನಿಂತಿರುತ್ತಾನೆ, ವೈದ್ಯರು 'ಹೇಗಾಯಿತು' ಎನ್ನುತ್ತಾರೆ, ಹೆದರಿದವನು 'ಬಿದ್ದೆ' ಎನ್ನುತ್ತಾನೆ. ಎಂಎಲ್‌ಸಿ (ಕಾನೂನು ಪ್ರಕರಣದ ಗಾಯಗಳನ್ನು ವೈದ್ಯರು ದಾಖಲಿಸುವ) ಪುಸ್ತಕದಲ್ಲಿ ಆ ಒಂದು ಶಬ್ದ ಬಿದ್ದ ಮೇಲೆ ಅದನ್ನು ಅಳಿಸುವುದು ತೀರಾ ಕಷ್ಟ. ಪೊಲೀಸರನ್ನು ಹೊರಗೆ ನಿಲ್ಲಿಸಿ ಎಂದು ವೈದ್ಯರನ್ನು ಕೇಳಬಹುದು, ಕೇಳಬೇಕು. ಯಾವುದರಿಂದ ಹೊಡೆದರು, ಮೈಯ ಯಾವ ಭಾಗಕ್ಕೆ, ಯಾವ ಹೊತ್ತಿಗೆ ಎಂಬ ಮೂರನ್ನೂ ಹೇಳಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 53ರ ಪ್ರಕಾರ ಬಂಧಿತನಿಗೆ ಅಥವಾ ಅವನು ಹೆಸರಿಸಿದವರಿಗೆ ಆ ವರದಿಯ ಪ್ರತಿ ಸಿಗಬೇಕು. ಬಿಡುಗಡೆಯಾದವರು ಅದೇ ದಿನ ತಾವಾಗಿ ಸರ್ಕಾರಿ ಆಸ್ಪತ್ರೆಗೆ, ಅಂದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ಗೆ ಹೋಗಿ ಎಂಎಲ್‌ಸಿ ಮಾಡಿಸಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿಗೆ ಆ ತೂಕವಿಲ್ಲ.

ಬಾಸುಂಡೆ ಮೊದಲು ಕೆಂಪಗೆ, ಮುಂದಿನ ಎರಡು ಮೂರು ದಿನ ನೀಲಿ, ಐದಾರನೇ ದಿನ ಹಸಿರು, ವಾರದ ಮೇಲೆ ಹಳದಿ. ಬಣ್ಣದಿಂದ ಹೊಡೆತದ ದಿನವನ್ನು ವೈದ್ಯರು ಅಂದಾಜಿಸುತ್ತಾರೆ. ಹಾಗಾಗಿ ಫೋಟೊ ಒಂದೇ ಸಲ ತೆಗೆದರೆ ಸಾಲದು. ಮೊದಲ ದಿನ, ಎರಡನೇ ದಿನ, ಐದನೇ ದಿನ ಹಗಲು ಬೆಳಕಿನಲ್ಲಿ ತೆಗೆಯಬೇಕು. ಮುಖ ಕಾಣುವಂತೆ ಒಂದು, ಗಾಯದ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ಅಂಗಾಲಿಗೆ ಹೊಡೆದರೆ ಮೇಲೆ ಗುರುತು ಕಡಿಮೆ, ಒಳಗೆ ನೋವು ಜಾಸ್ತಿ. ನಡೆಯಲು ಕಷ್ಟ ಎಂಬುದನ್ನೂ ಬರೆಸಬೇಕು. ತೆಗೆದ ಫೋನನ್ನು ಮಾರಬಾರದು, ಫಾರ್ಮ್ಯಾಟ್ ಮಾಡಬಾರದು; ಫೋಟೊವನ್ನು ಸಾಕ್ಷ್ಯವಾಗಿ ಒಪ್ಪಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕೊಡುವಾಗ ಅದು ಬೇಕಾಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಅವಕಾಶ ರಿಮಾಂಡ್ ವೇಳೆ ಮ್ಯಾಜಿಸ್ಟ್ರೇಟರು ಕೇಳುವ ಒಂದು ಪ್ರಶ್ನೆ: 'ಪೊಲೀಸರಿಂದ ತೊಂದರೆ ಆಗಿದೆಯಾ?' ಅಲ್ಲಿ 'ಇಲ್ಲ' ಎಂದದ್ದು ಆದೇಶದಲ್ಲಿ ಉಳಿದುಬಿಡುತ್ತದೆ. ಕೋರ್ಟ್ ಹಾಲ್‌ಗೆ ಹೋಗುವ ಮೊದಲೇ ಈ ಪ್ರಶ್ನೆ ಬರುತ್ತದೆ ಎಂದು ಬಂಧಿತನಿಗೆ ತಿಳಿಸಿರಬೇಕು.

ಸಿಸಿಟಿವಿ ಬಗ್ಗೆ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಬಂದ ಸುಪ್ರೀಂ ಕೋರ್ಟ್ ಆದೇಶ ಬಹಳ ಸ್ಪಷ್ಟ: ಗೇಟು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲ ಕಡೆ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು; ಚಿತ್ರೀಕರಣವನ್ನು 18 ತಿಂಗಳು, ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ಕಾಗದದ ಮೇಲಿನ ಈ ಅವಧಿಯನ್ನು ನಂಬಿ ಕೂರಬೇಡಿ. ಮೊದಲ ವಾರದಲ್ಲೇ ಇಂಥ ತಾರೀಖು, ಇಷ್ಟರಿಂದ ಇಷ್ಟು ಗಂಟೆ, ಇಂಥ ಜಾಗದ ಕ್ಯಾಮೆರಾ ಎಂದು ಬರೆದು 'ಅಳಿಸದೆ ಕಾಯ್ದಿಡಿ' ಎಂಬ ಅರ್ಜಿ ಕೊಡಿ. ಆಮೇಲೆ 'ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರ ಬಂದರೂ, ಸಮಯಕ್ಕೆ ಕೇಳಿದ್ದರೆಂಬ ದಾಖಲೆ ಇರುತ್ತದೆ.

ವಿಳಾಸ ತಪ್ಪಿದರೆ ವಾರಗಟ್ಟಲೆ ಹೋಗುತ್ತದೆ. ಕಲಬುರಗಿ ನಗರದ ಠಾಣೆಯಾದರೆ ಪೊಲೀಸ್ ಆಯುಕ್ತರಿಗೆ. ಆಳಂದ, ಜೇವರ್ಗಿ, ಸೇಡಂ ಕಡೆಯದಾದರೆ ಎಸ್ಪಿಗೆ. ಬೀದರ್, ಯಾದಗಿರಿಯಲ್ಲಿ ಆಯಾ ಎಸ್ಪಿಗೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಡಿ ಎಸ್ಪಿಗೆ ಅಂಚೆ, ನಂತರ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ ಸಹಿತ ಅರ್ಜಿ.

ಇಲ್ಲಿಂದ ಮುಂದೆ ಕಾನೂನೇ ನಾಗರಿಕನ ಕೈ ಬಿಡುತ್ತದೆ. ಕರ್ತವ್ಯದ ವೇಳೆ ಮಾಡಿದ್ದು ಎಂಬ ಕಾರಣಕ್ಕೆ ಪೊಲೀಸರ ಮೇಲಿನ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 170 ಕರ್ತವ್ಯದ ಮಿತಿ ಮೀರಿದ ಕೃತ್ಯಕ್ಕೂ ರಕ್ಷಣೆ ಕೊಡಬಹುದು ಎಂದು 2020ರ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ, ಇಂದಿಗೂ ಅನುಮೋದಿಸಿಲ್ಲ. ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಬಲ್ಲದು, ಶಿಕ್ಷೆ ಕೊಡಲಾರದು. ಇದು ನಾಚಿಕೆಗೇಡು ಎನ್ನಲು ಹಿಂಜರಿಯಬೇಕಾಗಿಲ್ಲ. ಕಸ್ಟಡಿ ಸಾವು, ಅಕ್ರಮ ಬಂಧನದಂಥದ್ದಕ್ಕೆ ಆಯೋಗವನ್ನು ಕಾಯದೆ ನೇರ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕು. ಸುಪ್ರೀಂ ಕೋರ್ಟಿನ 1993ರ ನೀಲಾಬತಿ ಬೆಹೆರಾ ತೀರ್ಪಿನಿಂದ ಪರಿಹಾರ ಕೊಡಿಸುವ ದಾರಿಯೂ ಅಲ್ಲಿದೆ.

ಆದರೂ ಆಯೋಗಕ್ಕೆ ಬರೆಯಿರಿ. ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು, ಘಟನೆಯಾದ ಒಂದು ವರ್ಷದೊಳಗೆ ತಲುಪಬೇಕು. ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಒಟ್ಟಿಗೆ ಕಳಿಸಬೇಡಿ. ಒಂದು ಕಡೆ ಬಾಕಿ ಇದ್ದರೆ ಇನ್ನೊಂದು ಕಡೆ ಕೈಬಿಡುತ್ತಾರೆ. ಪೊಲೀಸ್ ವರದಿ ಬಂದ ಮೇಲೆ ಅದರ ಪ್ರತಿ ಕಳಿಸಿ ನಿಮ್ಮ ಉತ್ತರ ಕೇಳುತ್ತಾರೆ. ಎಷ್ಟೋ ಮಂದಿ ಆ ಪತ್ರವನ್ನು 'ಮುಗೀತು' ಎಂದುಕೊಂಡು ಎತ್ತಿಡುತ್ತಾರೆ, ದೂರು ಅಲ್ಲಿಗೇ ಮುಚ್ಚುತ್ತದೆ. ವರದಿಯ ಪ್ರತಿ ಸಾಲಿಗೂ ತಾರೀಖುವಾರು ಉತ್ತರ ಬರೆದು, 112ರ ಕರೆಯ ಸಮಯ, ಎಂಎಲ್‌ಸಿ ಸಂಖ್ಯೆ, ಅಂಚೆ ರಸೀದಿಯ ಪ್ರತಿ ಲಗತ್ತಿಸಿ, ಅವರು ಕೊಟ್ಟ ಗಡುವಿನೊಳಗೆ ಕಳಿಸಿ.